ಭುಜದ ಟೆಂಡನ್ ಹರಿದಿದೆ ಅಂದ ಮಾತ್ರಕ್ಕೆ ಅಮ್ಮನ ಕೈ ಕಟ್ಟಿಹಾಕಬೇಡಿ

ಎಂ.ಆರ್.ಐ. ರಿಪೋರ್ಟಿನಲ್ಲಿ ಭುಜದ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟಿಹಿಡಿಯುವ ಪಟ್ಟಿ) ಹರಿದಿದೆ ಎಂದು ಬಂದ ದಿನದಿಂದ ಮನೆಯ ನಡವಳಿಕೆಯೇ ಬದಲಾಗುತ್ತದೆ. ಅಮ್ಮ ಪಾತ್ರೆ ಮುಟ್ಟುವಂತಿಲ್ಲ, ಅಪ್ಪ ಬಟ್ಟೆ ಒಣಹಾಕುವಂತಿಲ್ಲ. ಸೊಸೆ ತಲೆ ಬಾಚುತ್ತಾಳೆ, ಮಗ ಅಂಗಿ ತೊಡಿಸುತ್ತಾನೆ, ಕೈ ಇಡೀ ದಿನ ಸ್ಲಿಂಗ್‌ನಲ್ಲಿರುತ್ತದೆ. ಹೀಗೇ ಒಂದೆರಡು ತಿಂಗಳು ಕಳೆದ ಮೇಲೆ ನನ್ನ ಹತ್ತಿರ ಕರೆತರುತ್ತಾರೆ. "ಇಷ್ಟು ಜೋಪಾನ ಮಾಡಿದ್ರೂ ಕೈ ಮೇಲೆ ಹೋಗ್ತಿಲ್ಲ ಮೇಡಂ."

ಜೋಪಾನ ಜಾಸ್ತಿ ಆಗಿದ್ದಕ್ಕೇ ಹೋಗುತ್ತಿಲ್ಲ. ಫಿಸಿಯೋಥೆರಪಿಸ್ಟ್ ಆಗಿ ನಾನು ಅತಿ ಹೆಚ್ಚು ಸಲ ಹೇಳಿರುವ ಮಾತು ಬಹುಶಃ ಇದೇ.

ಮೊದಲೇ ಒಂದು ಎಚ್ಚರಿಕೆ. ಬಿದ್ದು ಪೆಟ್ಟಾಗಿ, ನಿನ್ನೆಯವರೆಗೆ ಮೇಲೇಳುತ್ತಿದ್ದ ಕೈ ಇವತ್ತು ಏಳುತ್ತಿಲ್ಲ ಎಂದರೆ ಈ ಲೇಖನ ಓದುತ್ತಾ ಕೂರಬೇಡಿ. ತಡಮಾಡದೆ ಮೂಳೆ ಡಾಕ್ಟರ ಹತ್ತಿರ ಹೋಗಿ. ಯಾರ ಕೈಲೂ ಎಳೆಸಬೇಡಿ, ನೀವಿಸಬೇಡಿ. ಹಾಗೆ ಟೆಂಡನ್ ಹರಿದಿದ್ದರೆ ಕೆಲವೊಮ್ಮೆ ಆಪರೇಷನ್ ಬೇಕಾಗುತ್ತದೆ, ತಡವಾದಷ್ಟೂ ಅದು ಕಷ್ಟ. ನಾನಿಲ್ಲಿ ಹೇಳುತ್ತಿರುವುದು ಪೆಟ್ಟಿಲ್ಲದೆ, ವಯಸ್ಸಾದಂತೆ ಟೆಂಡನ್ ನಿಧಾನವಾಗಿ ಹರಿಯುವುದರ ಬಗ್ಗೆ.

ಭುಜದ ಕೀಲಿನಲ್ಲಿ ತೋಳಿನ ಮೂಳೆಯ ತುದಿಯ ಗುಂಡು ದೊಡ್ಡದು, ಅದು ಕೂರುವ ಗುಳಿ ಚಿಕ್ಕದು. ಗುಂಡನ್ನು ಆ ಗುಳಿಗೆ ಒತ್ತಿ ಹಿಡಿಯಲು ನಾಲ್ಕು ಸಣ್ಣ ಸ್ನಾಯುಗಳಿವೆ. ಅವುಗಳ ಟೆಂಡನ್‌ಗಳು ಸೇರಿ ರೊಟೇಟರ್ ಕಫ್ ಆಗುತ್ತದೆ. ಹೆಚ್ಚಾಗಿ ಹರಿಯುವುದು ಅದರಲ್ಲಿ ಮೇಲುಗಡೆ ಇರುವ ಸುಪ್ರಾಸ್ಪಿನೇಟಸ್. ತೋಳಿನ ಹೊರಗಿನ ದೊಡ್ಡ ಸ್ನಾಯು ಕೈ ಎತ್ತುವಾಗ ಗುಂಡನ್ನು ಮೇಲಕ್ಕೆ ಎಳೆಯುತ್ತದೆ. ಕಫ್ ಅದನ್ನು ಜಾಗದಲ್ಲಿ ಹಿಡಿದಿಡುತ್ತದೆ. ಈ ಹಿಡಿತ ಸಡಿಲವಾದಾಗ ಗುಂಡು ಮೇಲೆ ಸರಿಯುತ್ತದೆ, ಕೈ ಅರ್ಧ ಎತ್ತಿದಾಗ ಚುಚ್ಚಿದ ಹಾಗೆ ನೋವಾಗುತ್ತದೆ. ಆಗ ಭುಜವನ್ನೇ ಕಿವಿಯ ಕಡೆಗೆ ಏರಿಸಿ ಕೈ ಎತ್ತುವುದು ಅಭ್ಯಾಸವಾಗುತ್ತದೆ. ಕೊನೆಗೆ ಕುತ್ತಿಗೆಯೂ ಹಿಡಿದುಕೊಳ್ಳುತ್ತದೆ.

ಅರವತ್ತು ದಾಟಿದವರ ಭುಜದಲ್ಲಿ ಟೆಂಡನ್ ಹೀಗೆ ಹರಿದಿರುವುದು ತುಂಬಾ ಸಾಮಾನ್ಯ. ಹಳೆ ಪಂಚೆಯ ಅಂಚು ಸವೆದ ಹಾಗೆ ಟೆಂಡನ್ ಸವೆಯುತ್ತದೆ. ನೋವೇ ಇಲ್ಲದವರ ಸ್ಕ್ಯಾನಿನಲ್ಲೂ ಹರಿದಿರುವುದು ಕಾಣುತ್ತದೆ. ಒಂದು ಭುಜ ನೋವೆಂದು ಬಂದವರಲ್ಲಿ ಎಷ್ಟೋ ಸಲ ನೋವಿಲ್ಲದ ಇನ್ನೊಂದು ಭುಜದಲ್ಲೂ ಟೆಂಡನ್ ಹರಿದಿರುತ್ತದೆ. ಆ ಕೈಯಲ್ಲಿ ಅವರು ಆರಾಮಾಗಿ ಜಡೆ ಹಾಕಿಕೊಳ್ಳುತ್ತಿರುತ್ತಾರೆ! ಹಾಗಾಗಿ ರಿಪೋರ್ಟ್ ನೋಡಿ ಕೈಗೆ ನಿವೃತ್ತಿ ಕೊಡಬೇಡಿ. ಕೈ ಏನು ಮಾಡಬಲ್ಲದು ಎಂದು ಮೊದಲು ನೋಡಿ.

ಅಮೆರಿಕದಲ್ಲಿ ಹಲವು ಆಸ್ಪತ್ರೆಗಳು ಸೇರಿ, ಪೆಟ್ಟಿಲ್ಲದೆ ಟೆಂಡನ್ ಪೂರ್ತಿ ಹರಿದಿದ್ದ 452 ಜನರಿಗೆ ಮೊದಲು ವ್ಯಾಯಾಮವನ್ನೇ ಕೊಟ್ಟು ನೋಡಿದವು. ಅದರ ಫಲಿತಾಂಶ 2013ರಲ್ಲಿ ಬಂತು. ಎರಡು ವರ್ಷದಲ್ಲಿ ಆಪರೇಷನ್ ಬೇಕು ಎಂದವರು ನಾಲ್ಕರಲ್ಲಿ ಒಂದು ಭಾಗಕ್ಕಿಂತ ಕಡಿಮೆ. ವ್ಯಾಯಾಮದಿಂದ ಹರಿದದ್ದು ಕೂಡಿಕೊಳ್ಳುವುದಿಲ್ಲ. ಉಳಿದ ಸ್ನಾಯುಗಳು ಆ ಕೆಲಸವನ್ನು ಹೊರಲು ಕಲಿಯುತ್ತವೆ. ಎಲ್ಲರಿಗೂ ಸಾಕಾಗುತ್ತದೆ ಎಂದು ನಾನು ಹೇಳಲಾರೆ. ಹರಿದದ್ದು ಇನ್ನೂ ದೊಡ್ಡದಾಗಬಹುದು, ಆಗಾಗ ತೋರಿಸುತ್ತಿರಬೇಕು.

ಹಳ್ಳಿಯಿಂದ ಬರುತ್ತಿದ್ದ ಅಜ್ಜಿಯೊಬ್ಬರಿಗೆ ಬಲಭುಜದ ತೊಂದರೆ. ಏನು ಮಾಡಬೇಕು ಅಂತ ಆಸೆ ಅಜ್ಜಿ ಎಂದು ಕೇಳಿದೆ. "ಮುದ್ದೆ ತೊಳಸ್ಬೇಕವ್ವ" ಅಂದರು. ಸೊಸೆ ಒಪ್ಪಲಿಲ್ಲ. "ಅತ್ತೆ ಕೈಲಿ ಮುದ್ದೆ ತೊಳಸಿ ಸೊಸೆ ಕೂತಿದ್ದಾಳೆ ಅಂತ ಊರವರು ಆಡ್ಕೋತಾರೆ ಮೇಡಂ." ಒಳ್ಳೆಯ ಹುಡುಗಿ, ಅವಳ ಸಂಕಟ ನನಗೆ ಅರ್ಥವಾಯಿತು. ಆದರೆ ಎತ್ತರದ ಅಡುಗೆ ಕಟ್ಟೆಯ ಮೇಲೆ ತೊಳಸಿದರೆ ಭುಜ ಮೇಲೇಳುತ್ತದೆ, ನೋಯುತ್ತದೆ. ಪಾತ್ರೆ ಕೆಳಗಿಳಿಸಿ, ಮೊಣಕೈ ಮೈಗೆ ಒತ್ತಿಕೊಂಡು, ಎರಡೂ ಕೈಯಲ್ಲಿ ಕೋಲು ಹಿಡಿದರೆ ಭುಜಕ್ಕೆ ಅಷ್ಟು ಭಾರವಿಲ್ಲ. ಕೆಲವು ವಾರ ವ್ಯಾಯಾಮ ಮಾಡಿಸಿ, ಮೊದಲು ಒಂದೇ ಮುದ್ದೆಯ ಹಿಟ್ಟಿನಿಂದ ಶುರು ಮಾಡಿಸಿದೆವು. ಆಮೇಲೆ ಅಜ್ಜಿ ವ್ಯಾಯಾಮ ತಪ್ಪಿಸಲಿಲ್ಲ. ಸುಮ್ನೆ ಗೋಡೆ ನೋಡಿಕೊಂಡು ಕೈ ಎತ್ತಿ ಅಂದರೆ ಯಾರಿಗೆ ಮನಸ್ಸು ಬರುತ್ತದೆ, ಅಲ್ವಾ?

ಬೇರೆ ಕೆಲಸಗಳಿಗೂ ಹೀಗೇ ದಾರಿ ಇದೆ. ಅಟ್ಟದ ಮೇಲಿನ ಡಬ್ಬಗಳು ಸೊಂಟದ ಎತ್ತರಕ್ಕೆ ಬರಲಿ. ಕುಕ್ಕರನ್ನು ಕೈ ಚಾಚಿ ಎತ್ತದೆ ಹತ್ತಿರ ಎಳೆದುಕೊಂಡು ಎತ್ತಲಿ. ತೊಡುವಾಗ ನೋವಿರುವ ಕೈ ಮೊದಲು, ಬಿಚ್ಚುವಾಗ ಕೊನೆಗೆ. ಮಲಗಿದಾಗ ತೋಳಿನ ಕೆಳಗೆ ದಿಂಬು.

ಇನ್ನೊಂದು ವಿಷಯವನ್ನು ಹಿರಿಯರು ಬಾಯಿಬಿಟ್ಟು ಹೇಳುವುದೇ ಇಲ್ಲ. ಎಡಭುಜ ಹಿಡಿದುಕೊಂಡರೆ ಶೌಚದ ನಂತರ ತೊಳೆದುಕೊಳ್ಳಲು ಕೈ ಹಿಂದಕ್ಕೆ ಹೋಗುವುದಿಲ್ಲ. ನಾಚಿಕೆಗೆ ಊಟ ಕಡಿಮೆ ಮಾಡಿದವರನ್ನು ನೋಡಿದ್ದೇನೆ. ನೀರಿನ ಪೈಪಿನ ಜೆಟ್ ಹಾಕಿಸಿದರೆ ಎಷ್ಟೋ ಸಲೀಸು. ದಯವಿಟ್ಟು ನೀವಾಗಿಯೇ, ಮರ್ಯಾದೆಯಿಂದ ಕೇಳಿ.

ಪಕ್ಕದ ಮನೆಯವರು ಎಲ್ಲ ಭುಜನೋವಿಗೂ ಫ್ರೋಜನ್ ಶೋಲ್ಡರ್ ಅನ್ನುತ್ತಾರೆ. ಅದು ಭುಜದ ಕೀಲೇ ಬಿಗಿದುಕೊಳ್ಳುವ ಬೇರೆ ಕಾಯಿಲೆ, ಸಕ್ಕರೆ ಕಾಯಿಲೆ ಇರುವವರಲ್ಲಿ ಜಾಸ್ತಿ. ಅಲ್ಲಿ ನಾನು ಹಿಡಿದು ಎತ್ತಿದರೂ ಕೈ ಮೇಲೆ ಹೋಗುವುದಿಲ್ಲ. ಟೆಂಡನ್ ಹರಿದವರದು ಅವರಾಗಿ ಎತ್ತಲಾಗದಿದ್ದರೂ ನಾನು ಎತ್ತಿದರೆ ಸಾಮಾನ್ಯವಾಗಿ ಹೋಗುತ್ತದೆ. ಆದರೆ ತಿಂಗಳುಗಟ್ಟಲೆ ಕಟ್ಟಿಹಾಕಿದರೆ ಅದೂ ಬಿಗಿದುಕೊಳ್ಳುತ್ತದೆ. ಆಮೇಲೆ ಎರಡು ತೊಂದರೆಗೂ ಒಟ್ಟಿಗೆ ಚಿಕಿತ್ಸೆ ಮಾಡಬೇಕು. ನನಗೆ ಸಿಟ್ಟು ಬರುವುದು ಇಲ್ಲೇ.

ನೋವಿದ್ದರೂ ವ್ಯಾಯಾಮ ಮಾಡಬಹುದಾ ಎಂದು ಎಲ್ಲರೂ ಕೇಳುತ್ತಾರೆ. ತಡೆದುಕೊಳ್ಳುವಷ್ಟು ನೋವು, ಮರುದಿನದ ಹೊತ್ತಿಗೆ ಮೊದಲಿನ ಮಟ್ಟಕ್ಕೆ ಇಳಿದರೆ ಸಾಮಾನ್ಯವಾಗಿ ಪರವಾಗಿಲ್ಲ. ಇಳಿಯದಿದ್ದರೆ ಮಾಡಿದ್ದು ಜಾಸ್ತಿಯಾಯಿತು, ಕಡಿಮೆ ಮಾಡಿ. ಅಂಗಾತ ಮಲಗಿ, ಒಳ್ಳೆಯ ಕೈಯಿಂದ ನೋಯುವ ಕೈ ಹಿಡಿದು ಎತ್ತುವುದು ಹೆಚ್ಚಿನವರಿಗೆ ಸುಲಭದ ಆರಂಭ. ನಿಮಗೆ ಯಾವುದು ಸರಿ ಎಂದು ನೋಡಿಯೇ ಹೇಳಬೇಕು. ಎಡಭುಜದ ನೋವಿನ ಜೊತೆ ಎದೆ ಬಿಗಿತ, ಬೆವರು, ಉಸಿರುಕಟ್ಟುವುದು ಇದ್ದರೆ ಅದು ಹೃದಯದ್ದಿರಬಹುದು, ತಕ್ಷಣ ಆಸ್ಪತ್ರೆಗೆ ಓಡಿ. ಸಕ್ಕರೆ ಕಾಯಿಲೆ ಇದ್ದವರು ಭುಜಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್ ತೆಗೆದುಕೊಳ್ಳುವ ಮುಂಚೆ ಡಾಕ್ಟರಿಗೆ ಅದನ್ನು ಹೇಳಿ. ಆಮೇಲೆ ಕೆಲವು ದಿನ ಸಕ್ಕರೆ ಏರುವುದುಂಟು.

ನನ್ನಂಥವರ ಹತ್ತಿರ ಬರುವಾಗ ಸ್ಕ್ಯಾನಿನ ಫಿಲಂ ಜೊತೆ ಒಂದು ಚೀಟಿಯನ್ನೂ ತನ್ನಿ. ಅಮ್ಮನಿಗೆ ಯಾವ ಕೆಲಸ ಆಗುತ್ತಿಲ್ಲ, ಯಾವುದು ಮತ್ತೆ ಆಗಬೇಕು ಎಂದು ಅವರನ್ನೇ ಕೇಳಿ ಬರೆದುಕೊಳ್ಳಿ.