ಒಂದೇ ಹಿತ್ತಲಲ್ಲಿ ಹಲವು ಬಾಳೆ

ಏಲಕ್ಕಿ ಬಾಳೆಯ ಪಕ್ಕದಲ್ಲಿ ನೇಂದ್ರ ನೆಟ್ಟರೆ ಎರಡರ ರುಚಿಯೂ ಬೆರಕೆಯಾಗುತ್ತದೆ ಎಂಬ ಅಂಜಿಕೆ ಕೆಲವರಿಗಿದೆ. ಹಾಗಾಗುವುದಿಲ್ಲ. ನಾವು ತಿನ್ನುವ ಬಾಳೆಯ ಕಾಯಿ ಪರಾಗಸ್ಪರ್ಶವಿಲ್ಲದೆಯೇ ದಪ್ಪಗಾಗುತ್ತದೆ. ಪಚ್ಚಬಾಳೆ, ನೇಂದ್ರ, ರಸಬಾಳೆಗಳಲ್ಲಿ 11 ವರ್ಣತಂತುಗಳ (ಕ್ರೋಮೋಸೋಮ್) ಗುಂಪು ಮೂರಿರುತ್ತವೆ, ಒಟ್ಟು 33. ಮೂರನ್ನು ಸಮನಾಗಿ ಎರಡು ಪಾಲು ಮಾಡಲಾಗದ್ದರಿಂದ ಬೀಜ ಕಟ್ಟುವುದಿಲ್ಲ. ಏಲಕ್ಕಿಯಲ್ಲಿ ಇರುವುದು ಎರಡೇ ಗುಂಪು, ಆದರೆ ಅವು ಎರಡು ಬೇರೆ ಬೇರೆ ಕಾಡುಬಾಳೆಗಳಿಂದ ಬಂದವು, ಅದಕ್ಕೂ ಬೀಜವಿಲ್ಲ. ಮೇಲಾಗಿ ಹೊಸ ಗಿಡ ಬರುವುದು ಕಂದಿನಿಂದ, ಅಂದರೆ ತಾಯಿಯದೇ ಪ್ರತಿ. ದೂರ ಇಡಬೇಕಾದದ್ದು ಬೀಜ ಕಟ್ಟುವ ಕಾಡುಬಾಳೆಯನ್ನು ಮಾತ್ರ. ಅದರ ಪರಾಗ ಬಿದ್ದರೆ ಕೆಲವು ತಳಿಗಳ ಹಣ್ಣಿನಲ್ಲೂ ಗಟ್ಟಿ ಬೀಜ ಸಿಗಬಹುದು.

ತಳಿಗಳು ಒಂದಕ್ಕೊಂದು ತೊಡಕಾಗುವುದು ಬಿಸಿಲಿನ ವಿಷಯದಲ್ಲಿ. ಪಚ್ಚಬಾಳೆಯ ಗುಂಪಿನ ಗಿಡ್ಡ ಕ್ಯಾವೆಂಡಿಶ್ ಎರಡು ಮೀಟರ್ ಆಸುಪಾಸಿನಲ್ಲಿ ನಿಂತರೆ ಏಲಕ್ಕಿ ಅದರ ತಲೆಯ ಮೇಲೆ ಹರಡಿಕೊಳ್ಳುತ್ತದೆ. ಉತ್ತರಾರ್ಧಗೋಳದಲ್ಲಿ ಗಿಡ್ಡ ತಳಿಗಳು ದಕ್ಷಿಣಕ್ಕೆ, ಎತ್ತರದವು ಉತ್ತರಕ್ಕೆ ಇರಲಿ. ದಕ್ಷಿಣಾರ್ಧಗೋಳದಲ್ಲಿ ಇದರ ತಿರುವುಮುರುವು. ಗಿಡ್ಡ ತಳಿಗಳ ನಡುವೆ 1.8 ಮೀಟರ್, ಎತ್ತರದವುಗಳ ನಡುವೆ 2.5ರಿಂದ 3 ಮೀಟರ್ ಬಿಡಿ. ನೆಟ್ಟ ದಿನ ಈ ಜಾಗ ಬರೀ ಬಯಲಿನಂತೆ ಕಾಣುತ್ತದೆ. ಮೋಸಹೋಗಿ ನಡುವೆ ಇನ್ನೊಂದು ತುರುಕಿದರೆ ಮೂರಕ್ಕೂ ಗೊನೆ ಸಣ್ಣದಾಗುತ್ತದೆ.

ಗುಂಡಿ 45 ಸೆಂ.ಮೀ. ಉದ್ದ, ಅಗಲ, ಆಳ. ಮೇಲ್ಮಣ್ಣಿಗೆ ಸುಮಾರು 10 ಕೆ.ಜಿ. ಕಳಿತ ಗೊಬ್ಬರ ಬೆರೆಸಿ ತುಂಬಿ. ಕಂದು ಆರಿಸುವಾಗ ಕತ್ತಿಯಂಥ ಕಿರಿದಾದ ಎಲೆಯದ್ದೇ ಇರಲಿ. ಎಳೆಯದರಲ್ಲೇ ಅಗಲ ಎಲೆ ಬಿಡುವ ನೀರುಗಂದಿಗೆ ತಾಯಿಗಡ್ಡೆಯೊಂದಿಗಿನ ಬೆಸುಗೆ ಸಡಿಲ, ಅದು ಬಲವಾದ ಗೊನೆ ಕೊಡದು. ಗಡ್ಡೆಯ ಬೇರು, ಕಪ್ಪು ತೊಗಟೆ ಹೆರೆದು 52ರಿಂದ 55 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 20 ನಿಮಿಷ ಮುಳುಗಿಸಿದರೆ ಬೇರಿನ ಜಂತುಹುಳು, ಮೂತಿಹುಳುವಿನ ಮೊಟ್ಟೆಗಳ ಕಾಟ ಬಹುಪಾಲು ತಪ್ಪುತ್ತದೆ. ಥರ್ಮಾಮೀಟರ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ. ಹೆಚ್ಚು ಬಿಸಿಯಾದರೆ ಗಡ್ಡೆ ಬೆಂದುಹೋಗುತ್ತದೆ.

ಈ ಬಿಸಿನೀರಿಗೆ ಬಗ್ಗದ ರೋಗ ವೈರಸ್ಸಿನಿಂದ ಬರುವ ಗುಚ್ಛತಲೆ (ಬಂಚಿ ಟಾಪ್). ಎಲೆಗಳು ಕಿರಿದಾಗಿ, ನೆಟ್ಟಗೆ, ತುದಿಯಲ್ಲಿ ಒತ್ತೊತ್ತಾಗಿ ನಿಲ್ಲುತ್ತವೆ. ಎಲೆತೊಟ್ಟಿನ ಮೇಲೆ ಕಡುಹಸಿರು ತುಂಡುಗೆರೆಗಳು ಕಾಣುತ್ತವೆ. ವೈರಸ್ಸನ್ನು ಗಿಡದಿಂದ ಗಿಡಕ್ಕೆ ಸಾಗಿಸುವುದು ಬಾಳೆಯ ಹೇನು. ಇಲ್ಲಿ ಎಲ್ಲರೂ ಮಾಡುವ ತಪ್ಪು ಗಿಡವನ್ನು ಕಂಡ ಕೂಡಲೇ ಕಿತ್ತೆಸೆಯುವುದು: ಹೇನುಗಳು ಪಕ್ಕದ ಬಾಳೆಗೆ ಹೋಗಿ ಕೂರುತ್ತವೆ. ಮೊದಲು ಸುಳಿಗೂ ಎಲೆಬುಡಕ್ಕೂ ಸಾಬೂನು ನೀರು ಸಿಂಪಡಿಸಿ ಹೇನು ಕೊಲ್ಲಿ, ಆಮೇಲೆ ಗಡ್ಡೆ ಸಮೇತ ಅಗೆದು ನಾಶಮಾಡಿ.

ಪನಾಮಾ ಸೊರಗುರೋಗದ ಶಿಲೀಂಧ್ರ ಮಣ್ಣಿನಲ್ಲಿ ದಶಕಗಳ ಕಾಲ ಉಳಿಯುತ್ತದೆ. ಹಳೆಯ ಎಲೆಗಳು ಹಳದಿಯಾಗಿ, ತೊಟ್ಟು ಮುರಿದು ದಿಂಡಿನ ಸುತ್ತ ಜೋಲುತ್ತವೆ. ಕಡಿದ ದಿಂಡಿನೊಳಗೆ ಕೆಂಗಂದು ಗೆರೆಗಳಿರುತ್ತವೆ. ರಸಬಾಳೆ ಇದಕ್ಕೆ ಬೇಗ ಬಲಿ, ಏಲಕ್ಕಿಗೂ ತಗಲುತ್ತದೆ. ಇವನ್ನು ಕಾಡುವುದು ಈ ಶಿಲೀಂಧ್ರದ ಮೊದಲನೆಯ ರೇಸ್, ಅಂದರೆ ಒಳಬಗೆ; ಅದನ್ನು ಕ್ಯಾವೆಂಡಿಶ್ ತಡೆದುಕೊಳ್ಳುತ್ತದೆ. ಬೇರೆ ಬೇರೆ ತಳಿ ನೆಡುವುದರ ನಿಜವಾದ ಲಾಭ ಇದು, ಒಂದು ಹೋದರೂ ಇನ್ನೊಂದು ಉಳಿಯುತ್ತದೆ. ಆದರೆ ಟಿಆರ್4 ಎಂಬ ರೇಸ್ ಕ್ಯಾವೆಂಡಿಶ್ಶನ್ನೂ ಬಿಡದು. ಹಾಗಾಗಿ ಗುರುತಿಲ್ಲದ ತೋಟದ ಮಣ್ಣಂಟಿದ ಕಂದು ತರುವುದಕ್ಕಿಂತ ಅಂಗಾಂಶ ಕೃಷಿಯ ಸಸಿಯೇ ಮೇಲು.

ಗೊಬ್ಬರಕ್ಕೆ ಎಲ್ಲ ತಳಿಗೂ ಒಂದೇ ದಿನ ಗೊತ್ತುಮಾಡಬೇಡಿ. ಗೊನೆಯಲ್ಲಿ ಎಷ್ಟು ಚಿಪ್ಪು ಎಂಬುದು ಹೂ ಹೊರಬರುವ ಮೊದಲೇ ದಿಂಡಿನೊಳಗೆ ತೀರ್ಮಾನವಾಗಿರುತ್ತದೆ. ಬೇಗ ಹೂಬಿಡುವ ತಳಿಗೆ ಬೇಗ, ತಡವಾದದ್ದಕ್ಕೆ ಹೆಚ್ಚು ಕಂತುಗಳಲ್ಲಿ ಕೊಡಿ. ಸಾರಜನಕಕ್ಕಿಂತ ಪೊಟ್ಯಾಶ್ ಹೆಚ್ಚು ಬೇಕು. ಹಳೆಯ ಎಲೆಯ ಅಂಚು ಕಿತ್ತಳೆ ಹಳದಿಗೆ ತಿರುಗಿ ಒಣಗುತ್ತಿದ್ದರೆ ಅದು ಸಾಲುತ್ತಿಲ್ಲ. ಹೂ ಬಿಟ್ಟಾಗ ಎಂಟಾದರೂ ಆರೋಗ್ಯವಂತ ಎಲೆಗಳಿರಬೇಕು.

ಪ್ರತಿ ತಾಯಿಗೆ ಒಂದೇ ಕಂದು ಉಳಿಸಿ, ಎಲ್ಲ ಬುಡಗಳಲ್ಲೂ ಒಂದೇ ದಿಕ್ಕಿನದು. ದಿಕ್ಕು ತಪ್ಪಿದರೆ ಎರಡು ಮೂರು ಬೆಳೆಗಳೊಳಗೆ ಬುಡಗಳು ಒಂದಕ್ಕೊಂದು ಸರಿದು ಯಾವ ಕಂದು ಯಾವ ತಳಿಯದ್ದೆಂದೇ ತಿಳಿಯದು. ಕೊಯ್ಲಿನ ಗುರುತೂ ಬೇರೆ ಬೇರೆ: ಕ್ಯಾವೆಂಡಿಶ್ ಕಾಯಿಯ ಏಣುಗಳು ಮಾಸಿ ದುಂಡಗಾಗುತ್ತವೆ, ನೇಂದ್ರದ ಏಣು ಹಣ್ಣಾದರೂ ಉಳಿಯುತ್ತದೆ. ದುಂಡಗಾಗಲೆಂದು ಕಾದರೆ ನೇಂದ್ರ ಗೊನೆಯಲ್ಲೇ ಹಣ್ಣಾಗಿಬಿಡುತ್ತದೆ.