‘ಚರ್ಚ್ ಗ್ರೋತ್’ ಅಂದರೆ ಬರೀ ತಲೆ ಲೆಕ್ಕವೇ?

ಸಭಾಪಾಲಕರ ಕೂಟಗಳಲ್ಲಿ, ಬೈಬಲ್ ಕಾಲೇಜುಗಳಲ್ಲಿ ‘ಚರ್ಚ್ ಗ್ರೋತ್’, ಅಂದರೆ ಸಭೆಯ (ಚರ್ಚಿನ) ಬೆಳವಣಿಗೆ, ಅನ್ನೋ ಮಾತು ಆಗಾಗ ಕಿವಿಗೆ ಬೀಳುತ್ತದೆ. ಕೇಳಿದ ಕೂಡಲೇ ದೊಡ್ಡ ಹಾಲ್, ಎಲ್‌ಇಡಿ ಪರದೆ, ಸಾವಿರಾರು ಜನ ಸೇರುವ ಅಮೆರಿಕದ ಮೆಗಾಚರ್ಚ್ ನೆನಪಾಗುತ್ತದೆ. ಆದರೆ ಈ ವಿಚಾರದ ಬೇರು ಇರುವುದು ನಮ್ಮ ಮಧ್ಯ ಭಾರತದ ಹಳ್ಳಿಗಳಲ್ಲಿ.

ಈ ವಿಚಾರವನ್ನು ಹುಟ್ಟುಹಾಕಿದ ಡೊನಾಲ್ಡ್ ಮೆಕ್‌ಗ್ಯಾವ್ರನ್ 1897ರಲ್ಲಿ ಈಗಿನ ಮಧ್ಯಪ್ರದೇಶದ ದಮೋಹದಲ್ಲಿ ಹುಟ್ಟಿದರು. ಮಿಷನರಿಗಳ ಮಗ, ಮುಂದೆ ತಾವೂ ಮಿಷನರಿ. ಶಾಲೆ, ಆಸ್ಪತ್ರೆಗಳಿಗೆ ಮಿಷನ್ ಸಾಕಷ್ಟು ಖರ್ಚು ಮಾಡುತ್ತಿತ್ತು. ಆದರೂ ಹಲವು ಕಡೆ ಸಭೆಗಳು ಇದ್ದಲ್ಲೇ ಇದ್ದವು, ಕೆಲವು ಕಡೆ ಮಾತ್ರ ಭರ್ರನೆ ಬೆಳೆದವು. ಯಾಕೆ ಹೀಗೆ? ಅದೇ ಹೊತ್ತಿಗೆ ಮೆಥಡಿಸ್ಟ್ ಮಿಷನರಿ ವಾಸ್ಕಮ್ ಪಿಕೆಟ್ ಭಾರತದಲ್ಲಿ ಜನರು ಗುಂಪುಗುಂಪಾಗಿ ಕ್ರೈಸ್ತರಾದ ಚಳವಳಿಗಳನ್ನು ಅಧ್ಯಯನ ಮಾಡಿ 1933ರಲ್ಲಿ ಪುಸ್ತಕ ತಂದಿದ್ದರು. ಮೆಕ್‌ಗ್ಯಾವ್ರನ್ ಆ ಜಾಡನ್ನೇ ಹಿಡಿದರು. 1955ರಲ್ಲಿ ತಮ್ಮ ವಿಚಾರವನ್ನು ಪುಸ್ತಕವಾಗಿಸಿದರು. 1965ರಲ್ಲಿ ಕ್ಯಾಲಿಫೋರ್ನಿಯಾದ ಫುಲ್ಲರ್ ಸೆಮಿನರಿ (ದೇವಶಾಸ್ತ್ರ ಕಾಲೇಜು) ಸೇರಿದ ಮೇಲೆ ಇದು ಒಂದು ಪಾಠವಾಗಿ, ಆಮೇಲೆ ಒಂದು ಚಳವಳಿಯಾಗಿ ಹರಡಿತು.

ಈ ವಿಚಾರದಲ್ಲಿ ಇವತ್ತಿಗೂ ಕೆಲಸಕ್ಕೆ ಬರುವ ಭಾಗವೆಂದರೆ ಬೆಳವಣಿಗೆಯನ್ನು ಬಿಡಿಸಿ ನೋಡುವ ಕ್ರಮ. ವಿಶ್ವಾಸಿಗಳ ಮನೆಯಲ್ಲೇ ಮಕ್ಕಳು ಹುಟ್ಟಿ ಸಭೆ ಬೆಳೆಯುವುದು ಒಂದು. ಬೇರೆ ಸಭೆಯವರು ಇಲ್ಲಿಗೆ ಬಂದು ಸೇರುವುದು ಇನ್ನೊಂದು. ಇದಕ್ಕೆ ಟ್ರಾನ್ಸ್‌ಫರ್ ಗ್ರೋತ್ ಅನ್ನುತ್ತಾರೆ. ನಂಬಿಕೆ ಇಲ್ಲದಿದ್ದವರು ಹೊಸದಾಗಿ ನಂಬಿ ಬರುವುದು ಮೂರನೆಯದು. ಭಾನುವಾರ ತಲೆ ಎಣಿಸುವಾಗ ಮೂರೂ ಒಂದೇ ಸಂಖ್ಯೆಯೊಳಗೆ ಸೇರಿಹೋಗುತ್ತವೆ. ಊರಿನ ಒಂದು ಸಭೆಗೆ ವರ್ಷದಲ್ಲಿ ಐವತ್ತು ಜನ ಜಾಸ್ತಿ ಆದರು ಅನ್ನಿ. ಅಷ್ಟೂ ಜನ ಪಕ್ಕದ ಬೀದಿಯ ಎರಡು ಸಣ್ಣ ಸಭೆ ಬಿಟ್ಟು ಬಂದವರಾದರೆ ಊರಿನ ಲೆಕ್ಕದಲ್ಲಿ ಏನು ಬೆಳೆಯಿತು? ದೇವರು ಮಾಡಿದ್ದನ್ನು ಸಭೆಯ ಮುಂದೆ ಸಾಕ್ಷಿ ಹೇಳುವಾಗ ಸಂಖ್ಯೆ ಹೇಳುತ್ತಾರೆ, ಜನ ಎಲ್ಲಿಂದ ಬಂದರು ಅಂತ ಹೇಳುವವರು ಕಡಿಮೆ.

ಮೆಕ್‌ಗ್ಯಾವ್ರನ್ ಇನ್ನೊಂದು ಮಾತು ಹೇಳಿದರು, ಜಗಳ ಶುರುವಾದದ್ದು ಅಲ್ಲಿ. ಜನ ತಮ್ಮ ಭಾಷೆ, ವರ್ಗ, ಕುಲದ ಗೆರೆ ದಾಟದೆ ಕ್ರೈಸ್ತರಾಗಲು ಇಷ್ಟಪಡುತ್ತಾರೆ, ಆದ್ದರಿಂದ ಒಂದೇ ಬಗೆಯ ಜನರ ನಡುವೆ ಸಭೆ ಬೇಗ ಬೆಳೆಯುತ್ತದೆ ಎಂದರು. ಭಾರತದಲ್ಲಿ ಇದನ್ನು ಕೇಳಿದವರಿಗೆ ಮೊದಲು ತಟ್ಟುವುದು ಜಾತಿ ಅಲ್ವಾ? ಜಾತಿಗೊಂದು ಸಭೆ ಕಟ್ಟಿದರೆ ಒಂದೇ ಪಾತ್ರೆಯಿಂದ ಪ್ರಭುಭೋಜನ (ಯೇಸುವಿನ ನೆನಪಿಗೆ ಹಂಚುವ ರೊಟ್ಟಿ, ದ್ರಾಕ್ಷಾರಸ) ತೆಗೆದುಕೊಳ್ಳುವುದಕ್ಕೆ ಏನು ಅರ್ಥ? 1977ರಲ್ಲಿ ಸುವಾರ್ತೆ ಸಾರುವವರ ಜಾಗತಿಕ ಕೂಟವಾದ ಲೊಸಾನ್ ಚಳವಳಿಯವರು ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ಈ ಒಂದೇ ವಿಷಯದ ಮೇಲೆ ಸಮಾಲೋಚನೆ ನಡೆಸಿದರು. ಜನ ನಿಜಕ್ಕೂ ಹಾಗೆ ನಡೆದುಕೊಳ್ಳುತ್ತಾರೆ ಅನ್ನುವುದನ್ನು ನಾನು ಒಪ್ಪುತ್ತೇನೆ. ಅದನ್ನೇ ಯೋಜನೆ ಮಾಡಿಕೊಳ್ಳುವುದನ್ನು ಒಪ್ಪಲಾರೆ.

ಇನ್ನು ಸಣ್ಣ ಸಭೆಗಳ ವಿಷಯ. ಸಣ್ಣದಾಗಿರುವುದು ಕಾಯಿಲೆಯಲ್ಲ. ಅಮೆರಿಕದಲ್ಲೇ ನೋಡಿ: 2020ರ ‘ಫೇತ್ ಕಮ್ಯುನಿಟೀಸ್ ಟುಡೇ’ ಸಮೀಕ್ಷೆಯ ಪ್ರಕಾರ ಅಲ್ಲಿನ ಅರ್ಧದಷ್ಟು ಧಾರ್ಮಿಕ ಸಭೆಗಳಲ್ಲಿ ವಾರದ ಹಾಜರಿ 65ಕ್ಕಿಂತ ಹೆಚ್ಚಿಲ್ಲ. 2000ದಲ್ಲಿ ಈ ನಡುಮಟ್ಟ 137 ಇತ್ತು. ಅಂದರೆ ಪರದೆ ಮೇಲೆ ಕಾಣುವ ಮೆಗಾಚರ್ಚ್ ಅಲ್ಲೂ ಅಪರೂಪದ ಪ್ರಾಣಿ.

ಹಾಗಾದರೆ ಆರೋಗ್ಯ ಯಾವುದು? ಜರ್ಮನಿಯ ಸಂಶೋಧಕ ಕ್ರಿಶ್ಚಿಯನ್ ಶ್ವಾರ್ಟ್ಸ್ 1990ರ ದಶಕದಲ್ಲಿ 32 ದೇಶಗಳ ಸಾವಿರಕ್ಕೂ ಹೆಚ್ಚು ಸಭೆಗಳನ್ನು ಸಮೀಕ್ಷೆ ಮಾಡಿ ಎಂಟು ಗುಣಗಳನ್ನು ಮುಂದಿಟ್ಟರು. ಬೇರೆಯವರನ್ನು ಬೆಳೆಸುವ ನಾಯಕತ್ವ, ಪ್ರೀತಿಯ ಒಡನಾಟ, ಮನೆಕೂಟಗಳು ಅದರಲ್ಲಿ ಕೆಲವು. ಹಲಗೆ ಜೋಡಿಸಿ ಮಾಡಿದ ಪೀಪಾಯಿಯಲ್ಲಿ ನೀರು ನಿಲ್ಲುವುದು ಅತಿ ಗಿಡ್ಡ ಹಲಗೆಯವರೆಗೆ ಮಾತ್ರ, ಹಾಗೇ ಸಭೆಯನ್ನು ತಡೆಯುವುದು ಅದರ ತೀರಾ ದುರ್ಬಲ ಗುಣ ಅನ್ನುವುದು ಅವರ ವಾದ. ಗಾತ್ರಕ್ಕೆ ಹೋಲಿಸಿದರೆ ಹೊಸಬರನ್ನು ಸೇರಿಸಿಕೊಳ್ಳುವುದರಲ್ಲಿ ಸಣ್ಣ ಸಭೆಗಳೇ ಮುಂದೆ ಎಂದೂ ಅವರ ಲೆಕ್ಕ ಹೇಳಿತು. ಅವರ ಅಂಕಿ-ಅಂಶದ ವಿಧಾನಕ್ಕೆ ತಕರಾರು ಬಂದಿದೆ. ನನಗೂ ಪ್ರೀತಿಗೆ ಅಂಕ ಕೊಡುವುದು ಸ್ವಲ್ಪ ಕಸಿವಿಸಿಯೇ.

ಅದಕ್ಕಿಂತ ಹಳೆಯ ಅಳತೆಯೊಂದಿದೆ. 19ನೇ ಶತಮಾನದ ನಡುವೆ ಮಿಷನ್ ಸಂಸ್ಥೆಗಳನ್ನು ನಡೆಸುತ್ತಿದ್ದ ಇಂಗ್ಲೆಂಡಿನ ಹೆನ್ರಿ ವೆನ್, ಅಮೆರಿಕದ ರೂಫಸ್ ಆಂಡರ್ಸನ್ ಹೇಳಿದ್ದು: ಸಭೆ ತನ್ನ ಖರ್ಚು ತಾನೇ ನೋಡಿಕೊಳ್ಳಬೇಕು, ತನ್ನ ಆಡಳಿತ ತಾನೇ ನಡೆಸಬೇಕು, ತಾನೇ ಹರಡಬೇಕು. ಕರಾವಳಿಯ ಸಭೆಗಳಿಗೆ ಈ ಪರೀಕ್ಷೆ ಹೇಳದೆ ಕೇಳದೆ ಬಂತು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದಿತ್ತು. ಕ್ರೈಸ್ತರಾದ ಕೂಡಲೇ ಮನೆ, ಕಸುಬು ಎರಡನ್ನೂ ಕಳೆದುಕೊಂಡವರಿಗೆ ನೇಯ್ಗೆ, ಹಂಚಿನ ಕಾರ್ಖಾನೆಗಳಲ್ಲಿ ಕೆಲಸ ಕೊಟ್ಟಿತು. ಅನ್ನವೂ ಆರಾಧನೆಯೂ ಒಂದೇ ಕಡೆಯಿಂದ ಬರುತ್ತಿತ್ತು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಬ್ರಿಟಿಷ್ ಸರ್ಕಾರ ಅದರಲ್ಲಿದ್ದ ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟಿತು, ಆಮೇಲೆ ವಾಪಸ್ ಕಳಿಸಿತು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಯ ಕೈಗೆ ಹೋದವು. ಸಭೆಗಳ ಭಾರ ಬಹುಮಟ್ಟಿಗೆ ಊರಿನ ಪಾಲಕರು, ಹಿರಿಯರ ಹೆಗಲಿಗೆ ಬಿತ್ತು, ಅವರು ಅದನ್ನು ಹೊತ್ತರು.