ಬ್ರೇಕ್‌ಫಾಸ್ಟ್ ಸೀರಿಯಲ್ ದತ್ತಾಂಶದ ‘ರೇಟಿಂಗ್’ ಕಾಲಂನಲ್ಲಿ ರುಚಿ ಎಲ್ಲಿದೆ?

ಸಂಖ್ಯಾಶಾಸ್ತ್ರ ಕಲಿಯುವವರಿಗೆ ಅಮೆರಿಕದ ಬ್ರೇಕ್‌ಫಾಸ್ಟ್ ಸೀರಿಯಲ್‌ಗಳ (ಬೆಳಗ್ಗೆ ತಿನ್ನುವ ಸಿದ್ಧ ಧಾನ್ಯದ ತಿಂಡಿಗಳ) ಪಟ್ಟಿ ಒಂದಲ್ಲ ಒಂದು ಪಾಠದಲ್ಲಿ ಎದುರಾಗುತ್ತದೆ. ಇದು ಅಮೆರಿಕನ್ ಸ್ಟ್ಯಾಟಿಸ್ಟಿಕಲ್ ಅಸೋಸಿಯೇಷನ್‌ನ 1993ರ ಗ್ರಾಫಿಕ್ಸ್ ಪ್ರದರ್ಶನಕ್ಕೆ ಬಳಸಿದ ದತ್ತಾಂಶ. ಈಗ ಎಲ್ಲರೂ ಬಳಸುವ ಕಡತದಲ್ಲಿ 77 ಸೀರಿಯಲ್‌ಗಳಿವೆ. ಕ್ಯಾಲೊರಿ, ಪ್ರೋಟೀನ್, ನಾರು, ಸಕ್ಕರೆ ಮುಂತಾದ ಅಂಶಗಳ ಕೊನೆಯಲ್ಲಿ ‘ರೇಟಿಂಗ್’ ಎಂಬ ಕಾಲಂ ಇದೆ. ಹಲವರು ಇದನ್ನು ತಿಂದವರು ಕೊಟ್ಟ ಅಂಕವೆಂದು ನಂಬಿ ‘ರುಚಿಗೆ ಕಾರಣವೇನು’ ಎಂದು ವಿಶ್ಲೇಷಣೆಗೆ ಇಳಿಯುತ್ತಾರೆ. ಆ ನಂಬಿಕೆಯನ್ನು ಮೊದಲು ಪರೀಕ್ಷಿಸೋಣ.

ಪಟ್ಟಿಯ ತುದಿಯಲ್ಲಿರುವುದು ನಾರು ಹೆಚ್ಚಿಸಿದ ಆಲ್-ಬ್ರಾನ್: 93.7. ತಳದಲ್ಲಿ ಸಿಹಿಯಾದ ಕ್ಯಾಪ್ನ್ ಕ್ರಂಚ್: 18.04. ಸಕ್ಕರೆಗೂ ರೇಟಿಂಗ್‌ಗೂ ಇರುವ ಸಹಸಂಬಂಧ (ಎರಡು ಅಂಶಗಳು ಎಷ್ಟರಮಟ್ಟಿಗೆ ಒಟ್ಟಿಗೆ ಏರಿಳಿಯುತ್ತವೆ ಎಂಬುದರ −1ರಿಂದ 1ರವರೆಗಿನ ಅಳತೆ) ಸುಮಾರು −0.76. ಸಿಹಿ ಹೆಚ್ಚಿದಂತೆ ಅಂಕ ಇಷ್ಟು ಕಟ್ಟುನಿಟ್ಟಾಗಿ ಇಳಿಯುವುದು ನಾಲಿಗೆ ಕೊಡುವ ತೀರ್ಪಿನಂತೆ ಕಾಣುವುದಿಲ್ಲ. ಅನುಮಾನ ಹುಟ್ಟಬೇಕಾದದ್ದು ಇಲ್ಲಿಯೇ.

ಈಗ ಒಂಬತ್ತು ಪೋಷಕಾಂಶಗಳನ್ನೂ ಒಟ್ಟಿಗೆ ಇಟ್ಟು ರಿಗ್ರೆಷನ್ ಮಾಡಿ, ಅಂದರೆ ಅವುಗಳಿಂದ ರೇಟಿಂಗ್ ಅನ್ನು ಅಂದಾಜಿಸುವ ಸಮೀಕರಣ ಹುಡುಕಿ. ಆರ್-ಸ್ಕ್ವೇರ್ (ರೇಟಿಂಗ್‌ನ ಏರಿಳಿತದಲ್ಲಿ ಸಮೀಕರಣ ವಿವರಿಸುವ ಪಾಲು) 1 ಬರುತ್ತದೆ, ಉಳಿಕೆಗಳು, ಅಂದರೆ ನಿಜವಾದ ಅಂಕಕ್ಕೂ ಅಂದಾಜಿಗೂ ಇರುವ ವ್ಯತ್ಯಾಸಗಳು, ಸೊನ್ನೆಗೆ ಅಂಟಿಕೊಂಡಿರುತ್ತವೆ. ಸಿಗುವ ಸಮೀಕರಣ ಹೀಗಿದೆ:

ರೇಟಿಂಗ್ = 54.927 − 0.223 ಕ್ಯಾಲೊರಿ + 3.273 ಪ್ರೋಟೀನ್ − 1.691 ಕೊಬ್ಬು − 0.0545 ಸೋಡಿಯಂ + 3.443 ನಾರು + 1.092 ಕಾರ್ಬೊಹೈಡ್ರೇಟ್ − 0.725 ಸಕ್ಕರೆ − 0.034 ಪೊಟ್ಯಾಸಿಯಂ − 0.051 ವಿಟಮಿನ್

ಕ್ಯಾಪ್ನ್ ಕ್ರಂಚ್‌ನ ಅಂಕಿಗಳನ್ನು ಇದೇ ಕ್ರಮದಲ್ಲಿ ಹಾಕಿ ನೋಡಿ: 120, 1, 2, 220, 0, 12, 12, 35, 25. ಉತ್ತರ 18.0. ಮನುಷ್ಯರ ಅಭಿಪ್ರಾಯದಲ್ಲಿ ಏರುಪೇರು ಇದ್ದೇ ಇರುತ್ತದೆ. ಇಲ್ಲಿ ಅದರ ಸುಳಿವೇ ಇಲ್ಲ. ಅಂದರೆ ಈ ರೇಟಿಂಗ್ ಪೋಷಕಾಂಶಗಳಿಂದಲೇ ಹೊರಟ ಒಂದು ಸೂತ್ರ. ರುಚಿ ಈ ಕಡತದಲ್ಲಿ ಇಲ್ಲವೇ ಇಲ್ಲ.

ಇದಕ್ಕಿಂತ ಸ್ವಾರಸ್ಯವಾದ ಸಾಕ್ಷಿ ಕ್ವೇಕರ್ ಓಟ್‌ಮೀಲ್ ಸಾಲಿನಲ್ಲಿದೆ. ಅದರ ಸಕ್ಕರೆ −1, ಕಾರ್ಬೊಹೈಡ್ರೇಟ್ −1. ಸಕ್ಕರೆ ಋಣ ಸಂಖ್ಯೆಯಾಗುವುದು ಸಾಧ್ಯವಿಲ್ಲ. ‘ಮಾಹಿತಿ ದೊರೆತಿಲ್ಲ’ ಎಂಬುದಕ್ಕೆ ಹಾಕಿದ ಗುರುತು ಅದು. ಆದರೆ ಆ −1ಗಳನ್ನು ಹಾಗೆಯೇ ಸಮೀಕರಣಕ್ಕೆ ಹಾಕಿದರೆ 50.8 ಬರುತ್ತದೆ, ಕಡತದಲ್ಲಿರುವ ರೇಟಿಂಗ್ ಕೂಡ 50.8! ಗುರುತನ್ನೇ ನಿಜವಾದ ಅಳತೆಯೆಂದು ಭಾವಿಸಿ ಸೂತ್ರಕ್ಕೆ ಹಾಕಲಾಗಿದೆ ಎಂದಾಯಿತು. ಯಾವ ದತ್ತಾಂಶ ಕೈಗೆ ಬಂದರೂ ಪ್ರತಿ ಕಾಲಂನ ಕನಿಷ್ಠ ಮೌಲ್ಯವನ್ನು ಮೊದಲು ನೋಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ಪೊಟ್ಯಾಸಿಯಂನ ಚಿಹ್ನೆಯನ್ನೂ ಗಮನಿಸಿ. ರೇಟಿಂಗ್ ಜೊತೆಗೆ ಅದರ ನೇರ ಸಹಸಂಬಂಧ ಧನಾತ್ಮಕ, ಸುಮಾರು 0.38. ಸಮೀಕರಣದಲ್ಲಿ ಮಾತ್ರ ಅದು ಅಂಕ ಕಳೆಯುತ್ತದೆ. ನಾರಿಗೂ ಪೊಟ್ಯಾಸಿಯಂಗೂ 0.9ರಷ್ಟು ಸಹಸಂಬಂಧವಿದೆ, ತವುಡು ಹೆಚ್ಚಿದ್ದಲ್ಲಿ ಎರಡೂ ಹೆಚ್ಚು. ನಾರಿನಿಂದ ಸಿಕ್ಕ ಅಂಕಗಳ ನೆರಳಿನಲ್ಲಿ ಪೊಟ್ಯಾಸಿಯಂ ಒಳ್ಳೆಯದಾಗಿ ಕಂಡಿತ್ತು, ಅಷ್ಟೆ. ಹಾಗೆಂದು ಪೊಟ್ಯಾಸಿಯಂ ದೇಹಕ್ಕೆ ಕೆಟ್ಟದ್ದು ಎಂದು ಬರೆಯಬೇಡಿ. ಸಹಗುಣಕಗಳು (ಸಮೀಕರಣದಲ್ಲಿ ಪ್ರತಿ ಅಂಶದ ಮುಂದಿರುವ ಸಂಖ್ಯೆಗಳು) ಹೇಳುತ್ತಿರುವುದು ಸೂತ್ರದ ವಿಚಾರವನ್ನು, ದೇಹದ ವಿಚಾರವನ್ನಲ್ಲ.

ಪೌಷ್ಟಿಕತೆಯ ಅಳತೆಯಾಗಿಯಾದರೂ ಇದನ್ನು ನಂಬಬಹುದೇ? ಎಚ್ಚರ ಬೇಕು. ಅಂಕಿಗಳೆಲ್ಲ ಪೊಟ್ಟಣದ ಮೇಲೆ ಬರೆದ ‘ಒಂದು ಸಲದ ಪ್ರಮಾಣ’ಕ್ಕೆ ಸಂಬಂಧಿಸಿದವು, ಆ ಪ್ರಮಾಣ ಎಲ್ಲಕ್ಕೂ ಒಂದೇ ಅಲ್ಲ. ಪಫ್ಡ್ ರೈಸ್‌ಗೆ ಅರ್ಧ ಔನ್ಸ್, 50 ಕ್ಯಾಲೊರಿ, ರೇಟಿಂಗ್ 60.8. ಬಹುತೇಕ ಸೀರಿಯಲ್‌ಗಳಂತೆ ಒಂದು ಔನ್ಸಿಗೆ ಲೆಕ್ಕ ಹಾಕಿದರೆ ಅದೇ ಸೂತ್ರ 66.6 ಕೊಡುತ್ತದೆ. ಆಹಾರ ಬದಲಾಗಲಿಲ್ಲ, ಅಂಕ ಬದಲಾಯಿತು. ನಮ್ಮಲ್ಲಿ ಪೊಟ್ಟಣಗಳ ಮೇಲೆ ನೂರು ಗ್ರಾಮಿಗೆ ಎಷ್ಟು ಎಂದು ಕೊಡುವ ಪದ್ಧತಿ ಇರುವುದರಿಂದ, ಇಲ್ಲಿನ ತಿಂಡಿಗಳನ್ನು ಹೋಲಿಸುವುದು ಸುಲಭ.

ರುಚಿಯನ್ನು ಅಳೆಯಬೇಕೆಂದರೆ ತಿನ್ನುವವರನ್ನೇ ಕೇಳಬೇಕು. ಒಂದರಿಂದ ಒಂಬತ್ತರವರೆಗೆ ಅಂಕ ಕೊಡಿಸುವುದು ಹಳೆಯ ಕ್ರಮ. ಆದರೆ ಒಬ್ಬರ ಏಳು ಇನ್ನೊಬ್ಬರ ಐದಾಗಿರಬಹುದು. ನನಗೆ ಹೆಚ್ಚು ಒಪ್ಪಿಗೆಯಾಗುವುದು ಹೆಸರು ಮುಚ್ಚಿ ಎರಡೆರಡನ್ನೇ ಕೊಟ್ಟು, ಕೊಡುವ ಸರದಿಯನ್ನು ಅದಲುಬದಲು ಮಾಡುತ್ತ, ‘ಯಾವುದು ಇಷ್ಟ’ ಎಂದು ಕೇಳುವುದು. 1952ರ ಬ್ರಾಡ್ಲಿ–ಟೆರಿ ಮಾದರಿ ಇಂಥ ಉತ್ತರಗಳಿಂದ ಪ್ರತಿಯೊಂದಕ್ಕೂ ಒಂದು ಬಲವನ್ನು ಅಂದಾಜಿಸುತ್ತದೆ. ಒಂದರ ಬಲ 3, ಇನ್ನೊಂದರದು 1 ಎಂದಾದರೆ ಮೊದಲನೆಯದು ನಾಲ್ಕರಲ್ಲಿ ಮೂರು ಸಲ ಗೆಲ್ಲುತ್ತದೆಂದು ನಿರೀಕ್ಷೆ.

ರುಚಿ, ಪೌಷ್ಟಿಕತೆ ಎರಡನ್ನೂ ಕೂಡಿಸಿ ಒಂದೇ ಅಂಕ ಮಾಡುವ ಆತುರ ಬೇಡ. ಯಾವುದಕ್ಕೆ ಎಷ್ಟು ತೂಕ ಎಂಬುದನ್ನು ದತ್ತಾಂಶ ಹೇಳುವುದಿಲ್ಲ, ನಾವೇ ತೀರ್ಮಾನಿಸಬೇಕಾಗುತ್ತದೆ. ಅದರ ಬದಲು ಅಡ್ಡ ಅಕ್ಷದಲ್ಲಿ ಪೌಷ್ಟಿಕತೆ, ಲಂಬ ಅಕ್ಷದಲ್ಲಿ ರುಚಿ ಇಟ್ಟು ಚುಕ್ಕಿಗಳನ್ನು ಗುರುತಿಸಿ. ಒಂದು ಚುಕ್ಕಿಯನ್ನು ಎರಡರಲ್ಲೂ ಮೀರಿಸಿದ ಬೇರೊಂದು ಚುಕ್ಕಿ ಇದ್ದರೆ, ಹಿಂದೆ ಬಿದ್ದ ಚುಕ್ಕಿಯನ್ನು ಹೊಡೆದುಹಾಕಿ. ಉಳಿಯುವವುಗಳೇ ಪರೇಟೊ ಅಂಚು. ತೂಕದ ಚರ್ಚೆ ಆ ಕೆಲವಕ್ಕೆ ಮಾತ್ರ ಉಳಿಯುತ್ತದೆ.